‘ಕಮಿಂಗ್ ಆಫ್ ಏಜ್’ಗೆ ಕನ್ನಡದಲ್ಲಿ ಏನನ್ನೋಣ?

ಅನುವಾದದ ಮೇಜು

ಎಲ್ಲರಿಗೂ ನಮಸ್ಕಾರ. ಒಂದು ಚಿತ್ರೋತ್ಸವದ ಕೈಪಿಡಿ ಕನ್ನಡಕ್ಕೆ ಬರಬೇಕಿದೆ. ಅದರಲ್ಲಿ ‘ಕಮಿಂಗ್ ಆಫ್ ಏಜ್’ ಐದು ಕಡೆ ಬರುತ್ತದೆ, ಐದೂ ಕಡೆ ಬೇರೆ ಬೇರೆ ಅರ್ಥದಲ್ಲಿ.

ಮೊದಲನೆಯದು, ಹದಿನಾಲ್ಕರ ಹುಡುಗನ ಬೇಸಿಗೆ ರಜೆಯ ಕುರಿತ ಚಿತ್ರಕ್ಕೆ ಒಂದು ಸಾಲಿನ ಪರಿಚಯ. ಎರಡನೆಯದು, ಜಪಾನಿನಲ್ಲಿ ಜನವರಿ ತಿಂಗಳು ನಡೆಯುವ ಆಚರಣೆ. ಮೂರನೆಯದು, ಇನ್ನೊಂದು ಚಿತ್ರದ ಕಥೆಯಲ್ಲಿ ಬರುವ ಉಯಿಲಿನ ಷರತ್ತು: ವಾರಸುದಾರ ‘ಕಮ್ಸ್ ಆಫ್ ಏಜ್’ ಆದಾಗ ಆಸ್ತಿ ಅವನ ಕೈ ಸೇರಬೇಕು. ನಾಲ್ಕನೆಯದು, ಹಳೇ ಮೈಸೂರು ಕಡೆಯ ಒಂದು ಸಾಕ್ಷ್ಯಚಿತ್ರ. ಹುಡುಗಿ ಮೊದಲ ಸಲ ಮುಟ್ಟಾದಾಗ ಮಾಡುವ ಶಾಸ್ತ್ರದ ಬಗ್ಗೆ. ಐದನೆಯದು, 1983ರ ವಿಶ್ವಕಪ್‌ನಲ್ಲಿ ಭಾರತದ ಕ್ರಿಕೆಟ್ ‘ಕೇಮ್ ಆಫ್ ಏಜ್’ ಎಂಬ ವಾಕ್ಯ.

ಈಗಿರುವ ಕರಡಿನಲ್ಲಿ ಐದಕ್ಕೂ ‘ಪ್ರಾಯಕ್ಕೆ ಬರುವುದು’ ಎಂದೇ ಇದೆ. ಗಟ್ಟಿಯಾಗಿ ಓದಿದರೆ ನಾಲ್ಕು ಕಡೆ ಕಿವಿಗೆ ಹೊಡೆಯುತ್ತದೆ. ಒಂದೇ ಪದ ಸಾಧ್ಯವೇ, ಅಥವಾ ಒಂದೊಂದಕ್ಕೂ ಬೇರೆ ಬೇಕೇ? ಕಾರಣದೊಂದಿಗೆ ಹೇಳಿದರೆ ಉಪಕಾರ.

ನುಡಿಗಂಟು

ಒಂದೇ ಪದ ಸಾಧ್ಯವಿಲ್ಲ. ಇದು ಕನ್ನಡದ ಬಡತನ ಅಂತ ಯಾರೂ ಹೇಳಬೇಡಿ. ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಖಚಿತವಾಗಿದೆ. ಇಂಗ್ಲಿಷಿನ ಈ ಮಾತು ಹುಟ್ಟಿದ್ದು ಕಾನೂನಿನ ಆವರಣದಲ್ಲಿ. ಅಲ್ಲಿನ ಹಳೆಯ ರೂಢಿಯಂತೆ 21 ತುಂಬಿದವನು ‘ಆಫ್ ಏಜ್’. ಬ್ರಿಟನ್ನಿನಲ್ಲಿ ಅದು 18ಕ್ಕೆ ಇಳಿದದ್ದು 1969ರ ಕಾಯ್ದೆಯಿಂದ, ಜಾರಿಯಾದದ್ದು 1970ರ ಜನವರಿ 1ರಂದು. ಆಸ್ತಿಗೆ, ಸಹಿಗೆ ಹುಟ್ಟಿದ ಮಾತು ಆಮೇಲೆ ಆಚರಣೆಗೆ ಹೋಯಿತು, ಕಥೆಗೆ ಹೋಯಿತು, ಕೊನೆಗೆ ತಂಡ, ಉದ್ಯಮ, ತಂತ್ರಜ್ಞಾನಕ್ಕೂ ಹತ್ತಿತು. ಕನ್ನಡದಲ್ಲಿ ಮೈ ಬೆಳೆಯುವುದಕ್ಕೆ ಒಂದು ಮಾತು, ಲೆಕ್ಕದ ವಯಸ್ಸಿಗೆ ಒಂದು, ಬುದ್ಧಿ ಬಲಿಯುವುದಕ್ಕೆ ಇನ್ನೊಂದು. ಆದ್ದರಿಂದ ಅನುವಾದಕ ಮೊದಲು ಕೇಳಿಕೊಳ್ಳಬೇಕಾದ್ದು ‘ದಾಟುತ್ತಿರುವುದು ಏನು? ಮೈಯೋ, ಹಕ್ಕೋ, ಮನಸ್ಸೋ?’ ಎಂದು.

‘ಪ್ರಾಯಕ್ಕೆ ಬರು’, ‘ವಯಸ್ಸಿಗೆ ಬರು’ ಇವೆರಡೂ ಮೈಯ ಕಡೆಯವು. ‘ವಯಸ್ಸಿಗೆ ಬಂದ ಮಗಳು’ ಅಂದರೆ ಕೇಳಿದವರ ಮನಸ್ಸಿನಲ್ಲಿ ತಕ್ಷಣ ಮದುವೆಯ ಮಾತು ಏಳುತ್ತದೆ. ಹುಡುಗನ ರಜೆಯ ಕಥೆಗೆ ಅದು ಹೊಂದುವುದಿಲ್ಲ. ಇನ್ನೊಂದು ಎಚ್ಚರ: ‘ವಯಸ್ಸಿಗೆ ಬಂದ’ ಬೇರೆ, ‘ವಯಸ್ಸಾಯಿತು’ ಬೇರೆ. ಮೊದಲನೆಯದು ಹರೆಯ, ಎರಡನೆಯದು ಮುಪ್ಪು. ಚಿತ್ರದ ಅಡಿಬರಹದಲ್ಲಿ ‘ಅವನಿಗೆ ವಯಸ್ಸಾಗುತ್ತದೆ’ ಎಂದು ಬಿದ್ದರೆ ಹದಿನಾಲ್ಕರ ಹುಡುಗ ಅಜ್ಜನಾಗಿಬಿಡುತ್ತಾನೆ.

‘ಮೈನೆರೆ’ ಎಂಬುದರಲ್ಲಿ ‘ನೆರೆ’ಗೆ ತುಂಬು, ಪೂರ್ಣವಾಗು ಎಂಬ ಅರ್ಥ. ಭೂತಕಾಲ ‘ಮೈನೆರೆದಳು’. ಕೂದಲು ಬೆಳ್ಳಗಾಗುವುದು ‘ನರೆ’, ಅದರ ಭೂತಕಾಲ ‘ನರೆತಿದೆ’. ಎರಡನ್ನೂ ಕಲಸಿ ‘ಮೈನರೆತಳು’ ಎಂದು ಬರೆಯುವುದು ಬಹಳ ಕಡೆ ಕಾಣುತ್ತದೆ. ದಯವಿಟ್ಟು ಅದನ್ನು ತಿದ್ದಿ.

ಇನ್ನು ಎರಡು ಒಳ್ಳೆಯ ನುಡಿಗಟ್ಟುಗಳು ಮೂಲೆ ಸೇರಿವೆ. ‘ಪ್ರಬುದ್ಧಮಾನಕ್ಕೆ ಬರು’: ರಾಜಕುಮಾರ ಪ್ರಬುದ್ಧಮಾನಕ್ಕೆ ಬಂದ ಮೇಲೆ ಪಟ್ಟ ಕಟ್ಟಿದರು ಎಂದು ಹಳೆಯ ಕಥೆಗಳ ಧಾಟಿಯಲ್ಲಿ ಬರುತ್ತದೆ. ವಯಸ್ಸು ಮತ್ತು ತಿಳಿವಳಿಕೆ ಎರಡೂ ಅದರಲ್ಲಿವೆ. ‘ಪ್ರವರ್ಧಮಾನಕ್ಕೆ ಬರು’: ಇದು ಏಳಿಗೆಯ ಮಾತು, ವಂಶ, ಊರು, ಕಲೆ, ಉದ್ಯಮಕ್ಕೆ ಸಲ್ಲುತ್ತದೆ. ಇವೆರಡನ್ನು ಅದಲುಬದಲು ಮಾಡಬಾರದು. ನಿಮ್ಮ ಐದನೆಯ ವಾಕ್ಯಕ್ಕೆ ಎರಡನೆಯದು ಹತ್ತಿರ, ಆದರೆ ಪೂರ್ತಿ ಅದೂ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಕಡಲತಡಿ

ನುಡಿಗಂಟು ಅವರೇ, ‘ಪ್ರಾಯ’ದ ಬಗ್ಗೆ ಒಂದು ಸೇರಿಸಬೇಕು. ಘಟ್ಟದ ಮೇಲೆ ‘ಪ್ರಾಯದ ಹುಡುಗ’ ಅಂದರೆ ಯುವಕ. ದಕ್ಷಿಣ ಕನ್ನಡ, ಉಡುಪಿ ಕಡೆ ‘ಪ್ರಾಯ’ ಅಂದರೆ ಬರೀ ವಯಸ್ಸು. ‘ನಿಮಗೆ ಪ್ರಾಯ ಎಷ್ಟು?’ ಅಂತ ಎಂಬತ್ತರ ಅಜ್ಜಿಯನ್ನೂ ಕೇಳುತ್ತಾರೆ. ‘ಪ್ರಾಯ ಆದವರು’ ಅಂದರೆ ಮುದುಕರು. ಕೈಪಿಡಿ ಇಡೀ ರಾಜ್ಯಕ್ಕೆ ಹೋಗುವುದಾದರೆ ‘ಪ್ರಾಯವಾದ’ ಎಂಬ ರೂಪವನ್ನು ಬಿಟ್ಟೇಬಿಡಿ. ‘ಪ್ರಾಯಕ್ಕೆ ಬಂದ’ ಎಂಬುದು ಮಾತ್ರ ಎರಡೂ ಕಡೆ ಒಂದೇ ಅರ್ಥ ಕೊಡುತ್ತದೆ.

ತುಳುವಿನಲ್ಲಿ ಮದುಮಗಳಿಗೂ ಹೊಸದಾಗಿ ಮೈನೆರೆದ ಹುಡುಗಿಗೂ ಒಂದೇ ಪದ, ‘ಮದಿಮಾಲ್’. ತುಳುವಿನಿಂದ ಕನ್ನಡಕ್ಕೆ ತರುವವರು ಇಲ್ಲಿ ಎಡವುತ್ತಾರೆ; ಹನ್ನೆರಡರ ಹುಡುಗಿಗೆ ಮದುವೆಯಾಯಿತು ಎಂದು ಬರೆದುಬಿಡುವ ಅಪಾಯವಿದೆ. ನೆಲಕ್ಕೂ ಇದೇ ಮಾತು ಇದೆ. ಫೆಬ್ರವರಿ ಹೊತ್ತಿಗೆ ಬರುವ ಕೆಡ್ಡಸ ಎಂಬ ತುಳುನಾಡಿನ ಹಬ್ಬದ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆ ಎಂಬ ಭಾವನೆ. ಆಗ ಅಗೆಯುವಂತಿಲ್ಲ, ಉಳುವಂತಿಲ್ಲ. ಹುರಿದ ಅಕ್ಕಿ, ಕಾಳು, ಬೆಲ್ಲ, ತೆಂಗಿನಕಾಯಿ ಕೂಡಿಸಿ ನನ್ನೆರಿ ಮಾಡುತ್ತಾರೆ.

ಮಲಪ್ರಭೆ

ನಮ್ಮ ಧಾರವಾಡ, ಬೆಳಗಾವಿ ಕಡೆ ‘ದೊಡ್ಡಾಕಿ ಆಗ್ಯಾಳ’ ಅಂತಾರ, ‘ಶಾಣ್ಯಾಕಿ ಆಗ್ಯಾಳ’ ಅಂತನೂ ಅಂತಾರ. ಶಾಣ್ಯಾ ಅಂದ್ರ ಜಾಣ; ಮೈ ಬೆಳದದ್ದಕ್ಕ ಬುದ್ಧಿ ಬೆಳದ ಮಾತನ್ನ ಹಚ್ಚಿದ್ದು. ದಕ್ಷಿಣದ ಓದುಗರಿಗೆ ಇದು ಬರೇ ‘ಜಾಣೆಯಾದಳು’ ಅಂತ ತಿಳೀತದ, ಹಿಂದಿನ ಅರ್ಥ ತಿಳ್ಯಂಗಿಲ್ಲ.

ಶಾಸ್ತ್ರದ ಬಗ್ಗೆ ಬರೆಯೋರಿಗೆ ಒಂದು ಮಾತು. ಉಡಿ ತುಂಬೋದು ಇದರಾಗ ಮುಖ್ಯ ಕೆಲಸ: ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಷಿಣ ಬೇರು, ಅಡಕಿ, ಎಲಿ, ಮ್ಯಾಲೆ ಕುಪ್ಪಸದ ಖಣ. ಸಾಮಾನು ಐದೈದರ ಲೆಕ್ಕದಾಗ ಇಡ್ತಾರ. ಆದ್ರ ‘ಉಡಿ ತುಂಬುವ ಶಾಸ್ತ್ರ’ ಅಂತ ಅಷ್ಟೇ ಬರದ್ರ ಓದೋರು ಬಸುರಿ ಕುಬಸ ಅಂತಾನೋ, ದೇವಿಗೆ ಉಡಿ ಅಂತಾನೋ ತಿಳ್ಕೋತಾರ. ಮದುವ್ಯಾಗೂ ಉಡಿ ತುಂಬ್ತಾರ. ಅದಕ್ಕ ಯಾವಾಗಿನ ಉಡಿ ಅನ್ನೋದನ್ನ ಮೊದಲ ಸಾಲಿನಾಗ ಹೇಳಬೇಕು.

ಕಟ್ಟೆ ವಕೀಲ

ಮೂರನೆಯ ವಾಕ್ಯ, ಉಯಿಲಿನದು, ನನ್ನ ಪಾಲಿಗೆ ಬಿಡಿ. ಇಲ್ಲಿ ಸಾಹಿತ್ಯದ ಪದ ಬೇಡ, ಸಂಖ್ಯೆ ಬೇಕು. ‘ವಾರಸುದಾರನಿಗೆ 18 ವರ್ಷ ತುಂಬಿದ ಮೇಲೆ’. ಕಥೆ ಬೇರೆ ದೇಶದ್ದಾದರೆ ಅಲ್ಲಿನ ವಯಸ್ಸನ್ನು ನೋಡಿ ಹಾಕಿ. ಉದಾಹರಣೆಗೆ, 1970ಕ್ಕೆ ಮುಂಚಿನ ಇಂಗ್ಲೆಂಡಿನ ಕಥೆಯಾದರೆ 21.

ಕನ್ನಡದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ‘ತುಂಬು’ ಎಂಬ ಕ್ರಿಯಾಪದದಲ್ಲಿ. ‘18ಕ್ಕೆ ಬಿದ್ದ’, ‘18 ನಡೆಯುತ್ತಿದೆ’, ‘18ನೇ ವಯಸ್ಸಿನಲ್ಲಿ’ ಇವೆಲ್ಲ ಆಡುಮಾತಿನಲ್ಲಿ 17 ಮುಗಿದು ಹದಿನೆಂಟನೆಯ ವರ್ಷ ಓಡುತ್ತಿದೆ ಎಂಬ ಅರ್ಥ ಕೊಡುತ್ತವೆ. ‘18 ತುಂಬಿದೆ’ ಎಂದರೆ ಮಾತ್ರ ಪೂರ್ಣ. ಒಂದು ವರ್ಷದ ಅಂತರ ಸಣ್ಣದಲ್ಲ. ಆ ಒಂದು ವರ್ಷದಲ್ಲಿ ಹಾಕಿದ ಸಹಿಗೆ ಬೆಲೆಯಿಲ್ಲ.

ನಮ್ಮಲ್ಲಿ ಇದನ್ನು ಆಳುವುದು 1875ರ ಭಾರತೀಯ ವಯಸ್ಕತ್ವ ಕಾಯ್ದೆ. ಅದರ ಲೆಕ್ಕ ಹೀಗೆ: ಹುಟ್ಟಿದ ದಿನವನ್ನು ಪೂರ್ತಿ ಒಂದು ದಿನವಾಗಿ ಎಣಿಸಬೇಕು, ಹದಿನೆಂಟನೆಯ ವಾರ್ಷಿಕ ದಿನ ಆರಂಭವಾಗುತ್ತಿದ್ದಂತೆ ಪ್ರಾಪ್ತ ವಯಸ್ಸು. 2007ರ ಜೂನ್ 10ರ ರಾತ್ರಿ ಹನ್ನೊಂದಕ್ಕೆ ಹುಟ್ಟಿದವರು 2025ರ ಜೂನ್ 10 ಶುರುವಾದ ಕ್ಷಣದಿಂದಲೇ ಪ್ರಾಪ್ತರು, ಆ ರಾತ್ರಿಯವರೆಗೆ ಕಾಯಬೇಕಿಲ್ಲ. ಮೊದಲು ನ್ಯಾಯಾಲಯ ಪೋಷಕರನ್ನು ನೇಮಿಸಿದ್ದ ಮಕ್ಕಳಿಗೆ 21 ಇತ್ತು. 1999ರ ತಿದ್ದುಪಡಿ ಅದನ್ನು ತೆಗೆದು ಎಲ್ಲರಿಗೂ 18 ಮಾಡಿತು. ಹಳೆಯ ದಸ್ತಾವೇಜು ಓದುವವರು ಇದನ್ನು ನೆನಪಿಡಬೇಕು.

ಅಪ್ರಾಪ್ತರು ಮಾಡಿಕೊಂಡ ಕರಾರು ಶೂನ್ಯ ಎಂದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೋರಿ ಬೀಬಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು, ಇಂದಿಗೂ ಅದೇ ಆಧಾರ. ಹಿಂದೂ ಅಪ್ರಾಪ್ತರ ಸ್ಥಿರಾಸ್ತಿಯನ್ನು ತಂದೆ ತಾಯಿ ಮಾರಬೇಕಾದರೂ 1956ರ ಕಾಯ್ದೆಯಂತೆ ನ್ಯಾಯಾಲಯದ ಅನುಮತಿ ಬೇಕು. ಅನುಮತಿ ಇಲ್ಲದೆ ಮಾರಿದ್ದರೆ, ಮಗು ಪ್ರಾಪ್ತ ವಯಸ್ಸಿಗೆ ಬಂದ ಮೂರು ವರ್ಷದೊಳಗೆ ಆ ಕ್ರಯವನ್ನು ಪ್ರಶ್ನಿಸಿ ದಾವೆ ಹೂಡಬಹುದು. ಎಂದರೆ 21 ತುಂಬುವವರೆಗೆ. ಈ ಮೂರು ವರ್ಷ ಕಳೆದುಹೋದ ಮೇಲೆ ಬರುವವರೇ ಜಾಸ್ತಿ.

‘ಅಪ್ರಾಪ್ತ’ ಎಂಬುದು ಅರ್ಧ ಪದ ಎಂಬುದನ್ನೂ ಹೇಳಿಬಿಡುತ್ತೇನೆ. ‘ಪ್ರಾಪ್ತ’ ಅಂದರೆ ಸಿಕ್ಕಿದ, ಒದಗಿದ. ಏನು ಒದಗಿಲ್ಲ? ವಯಸ್ಸು. ಆದ್ದರಿಂದ ‘ಅಪ್ರಾಪ್ತ ವಯಸ್ಕ’, ‘ಅಪ್ರಾಪ್ತ ವಯಸ್ಸಿನ ಬಾಲಕಿ’. ಪತ್ರಿಕೆಯ ತಲೆಬರಹದಲ್ಲಿ ಜಾಗಕ್ಕಾಗಿ ‘ಅಪ್ರಾಪ್ತೆ’ ಎಂದು ಕತ್ತರಿಸುತ್ತಾರೆ, ಸರಿ. ಪುಸ್ತಕದಲ್ಲಿ ಪೂರ್ತಿ ಬರೆಯಿರಿ.

ಅನುವಾದದ ಮೇಜು

ವಕೀಲರೇ, ಧನ್ಯವಾದ. ‘ಪ್ರಾಪ್ತ ವಯಸ್ಸು’ ಅಂದರೆ ಯಾವಾಗಲೂ 18 ಎಂದು ಹಿಡಿಯಬಹುದೇ?

ಕಟ್ಟೆ ವಕೀಲ

ಇಲ್ಲ. ಯಾವುದಕ್ಕೆ ಪ್ರಾಪ್ತ ಎಂದು ಕೇಳಬೇಕು. ಕರಾರಿಗೆ 18. ಮತಕ್ಕೆ 18, ಅದು 21 ಇದ್ದದ್ದನ್ನು ಸಂವಿಧಾನದ 61ನೇ ತಿದ್ದುಪಡಿ ಇಳಿಸಿತು, ಜಾರಿಯಾದದ್ದು 1989ರ ಮಾರ್ಚ್‌ನಲ್ಲಿ. ಮತದಾರರ ಪಟ್ಟಿಗೆ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು ಹೀಗೆ ನಾಲ್ಕು ಅರ್ಹತಾ ದಿನಾಂಕಗಳಿವೆ. 17 ತುಂಬಿದವರು ನಮೂನೆ 6ರಲ್ಲಿ ಮುಂಗಡವಾಗಿ ಅರ್ಜಿ ಹಾಕಬಹುದು. ಮದುವೆಗೆ ಹೆಣ್ಣಿಗೆ 18, ಗಂಡಿಗೆ 21. ವಿಧಾನಸಭೆಗೆ ನಿಲ್ಲಲು 25, ವಿಧಾನ ಪರಿಷತ್ತಿಗೆ 30. ಹಾಗಾಗಿ 18 ತುಂಬಿದ ಹುಡುಗ ಮನೆ ಮಾರಬಹುದು, ಮತ ಹಾಕಬಹುದು, ಮದುವೆಯಾಗುವಂತಿಲ್ಲ.

ಚಿತ್ರಗಣ್ಣು

ಸಿನಿಮಾದ ವಾಕ್ಯಕ್ಕೆ ಬರೋಣ. ಅಲ್ಲಿ ಬೀಳಬಹುದಾದ ದೊಡ್ಡ ಹೊಂಡ ಒಂದಿದೆ: ‘ವಯಸ್ಕ’ ಪದ. ಪ್ರಮಾಣಪತ್ರದಲ್ಲಿ ‘ಎ’ ಅಂದರೆ ‘ವಯಸ್ಕರಿಗೆ ಮಾತ್ರ’. ‘ವಯಸ್ಕನಾಗುವ ಚಿತ್ರ’, ‘ವಯಸ್ಕತೆಯ ಸಿನಿಮಾ’ ಎಂದು ಬರೆದರೆ ಓದುಗ ಇನ್ನೇನೋ ಅಂದುಕೊಂಡು ಮಕ್ಕಳನ್ನು ಕರೆತರುವುದಿಲ್ಲ. 2024ರ ಹೊಸ ನಿಯಮಗಳಲ್ಲಿ ಯುಎ ವರ್ಗವನ್ನು, ಅಂದರೆ ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳ ವರ್ಗವನ್ನು, 7+, 13+, 16+ ಎಂದು ಒಡೆದಿದ್ದಾರೆ. ಈ ಬಗೆಯ ಹೆಚ್ಚಿನ ಚಿತ್ರಗಳು ಬಂದು ಬೀಳುವುದು ಅಲ್ಲಿಯೇ. ಆದ್ದರಿಂದ ಪರಿಚಯದ ಸಾಲಿನಲ್ಲಿ ‘ವಯಸ್ಕ’ ಬರಲೇಬಾರದು.

ಎರಡನೆಯ ತೊಡಕು ಜರ್ಮನ್ ಪದದ್ದು. ‘ಬಿಲ್ಡುಂಗ್ಸ್‌ರೋಮಾನ್’ ಎಂಬುದನ್ನೂ ‘ಕಮಿಂಗ್ ಆಫ್ ಏಜ್’ ಎಂಬುದನ್ನೂ ಒಂದೇ ಎಂದು ಬರೆಯುವ ಅಭ್ಯಾಸವಿದೆ. ಆ ಪದವನ್ನು ಕಾರ್ಲ್ ಮಾರ್ಗೆನ್‌ಸ್ಟೆರ್ನ್ 1819ರ ಹೊತ್ತಿಗೆ ಡೋರ್ಪಾಟ್‌ನ ಉಪನ್ಯಾಸಗಳಲ್ಲಿ ಬಳಸಿದ. ಇಂದಿನ ಎಸ್ಟೋನಿಯಾದ ತಾರ್ತು ಆ ಊರು. ಅರ್ಧ ಶತಮಾನದ ನಂತರ ಜರ್ಮನ್ ತತ್ತ್ವಜ್ಞಾನಿ ವಿಲ್ಹೆಲ್ಮ್ ಡಿಲ್ಟೈ ಅದನ್ನು ಎಲ್ಲೆಡೆ ಓಡಾಡುವಂತೆ ಮಾಡಿದ. ‘ಬಿಲ್ಡುಂಗ್’ ಅಂದರೆ ರೂಪುಗೊಳ್ಳುವುದು. ವ್ಯಕ್ತಿ ಹತ್ತಾರು ವರ್ಷ ಅಲೆದು, ತಪ್ಪು ಮಾಡಿ, ಕೊನೆಗೆ ಸಮಾಜದಲ್ಲಿ ತನ್ನ ಜಾಗ ಕಂಡುಕೊಳ್ಳುವ ದೀರ್ಘ ಕಥನ ಅದು. ಸಿನಿಮಾದವರು ಹೇಳುವುದು ಬೇರೆ: ಒಂದು ರಜೆ, ಒಂದು ಸಾವು, ಒಂದು ಊರು ಬಿಡುವಿಕೆ, ಅಷ್ಟರಲ್ಲಿ ಹುಡುಗನಿಗೆ ದೊಡ್ಡವರ ಲೋಕದ ಒಂದು ಸತ್ಯ ಗೊತ್ತಾಗುತ್ತದೆ. ಮೊದಲನೆಯದಕ್ಕೆ ‘ರೂಪುಗೊಳ್ಳುವ ಕಾದಂಬರಿ’ ಅನ್ನಬಹುದು. ಎರಡನೆಯದಕ್ಕೆ ‘ಬಾಲ್ಯ ದಾಟುವ ಕಥೆ’ ಸರಿ. ಅಲ್ಲಿ ‘ದಾಟು’ ಇದೆ. ಹೊಳೆ ದಾಟಿದ ಹಾಗೆ, ಹಿಂದಿನ ದಡ ಕಾಣುತ್ತದೆ, ಹೋಗಲಾಗದು.

‘ಹರೆಯದ ಚಿತ್ರ’ ಬೇಡ. ಅದು ಪ್ರೇಮಕಥೆಯ ಜಾಹೀರಾತಿನಂತೆ ಕೇಳುತ್ತದೆ. ‘ಪ್ರೌಢ ಚಿತ್ರ’ ಅಂದರೆ ಚಿತ್ರವೇ ಪ್ರೌಢ ಎಂದಾಗುತ್ತದೆ, ಹುಡುಗನಲ್ಲ.

ನುಡಿಗಂಟು

‘ಬಾಲ್ಯ ದಾಟುವ ಕಥೆ’ ನನಗೂ ಒಪ್ಪಿಗೆ. ಹತ್ತು ವರ್ಷದೊಳಗಿನ ಮಗುವಿನ ಕಥೆಗೂ ಹದಿನೇಳರ ಹುಡುಗಿಯ ಕಥೆಗೂ ಒಗ್ಗುತ್ತದೆ. ಲಿಂಗಭೇದವಿಲ್ಲ, ಇದು ದೊಡ್ಡ ಗುಣ. ನಮ್ಮ ಉಳಿದ ಪದಗಳಲ್ಲಿ ಹೆಣ್ಣಿನ ಪಾಲೇ ಹೆಚ್ಚು, ಗಂಡು ಹುಡುಗರಿಗೆ ‘ಮೀಸೆ ಚಿಗುರಿತು’, ‘ಗಂಟಲು ಒಡೆಯಿತು’ ಎನ್ನುವುದು ಬಿಟ್ಟರೆ ಆಚರಣೆಯೂ ಇಲ್ಲ, ಪದವೂ ಕಡಿಮೆ. ಮೀಸೆ ಬಂದವನಿಗೆ ದೇಶ ಕಾಣದು ಎಂಬ ಗಾದೆ ಇದೆ, ಅದು ಬುದ್ಧಿ ಇಲ್ಲ ಎನ್ನುವ ಗಾದೆ.

‘ಹದಿಹರೆಯ’ದ ಬಗ್ಗೆ: ಹದಿಮೂರು, ಹದಿನಾಲ್ಕು, ಹದಿನೆಂಟರ ‘ಹದಿ’ಯನ್ನು ಹರೆಯಕ್ಕೆ ಕೂಡಿಸಿದ ಚೆಂದದ ಪದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು 10ರಿಂದ 19 ವರ್ಷ. ಅವಧಿಗೆ ‘ಹದಿಹರೆಯ’, ದಾಟುವಿಕೆಗೆ ಬೇರೆ ಮಾತು. ‘ಹದಿಹರೆಯದ ಕಥೆ’ ಎಂದರೆ ಆ ವಯಸ್ಸಿನವರ ಕಥೆ ಅಷ್ಟೇ. ಅವರು ಏನನ್ನೂ ದಾಟದೆ ಇರಬಹುದು.

ಹಳೇಬೇರು

ನಾಲ್ಕನೆಯದು, ಶಾಸ್ತ್ರದ್ದು, ಎಲ್ಲಕ್ಕಿಂತ ಸೂಕ್ಷ್ಮ. ನಿಧಾನವಾಗಿ ಬರೆಯುತ್ತೇನೆ.

ಹಳೇ ಮೈಸೂರು ಕಡೆ ಇದಕ್ಕೆ ‘ಒಸಗೆ’ ಎಂಬ ಹಳೆಯ ಹೆಸರಿದೆ. ಶುಭವಾರ್ತೆ, ಶುಭಕಾರ್ಯ ಎಂಬುದು ಮೂಲಾರ್ಥ, ಆಮೇಲೆ ಮೈನೆರೆದ ಶಾಸ್ತ್ರಕ್ಕೆ ನಿಂತಿತು. ಸೋದರಮಾವ ಹಸಿ ಸೊಪ್ಪು, ತೆಂಗಿನ ಗರಿ ತಂದು ಗುಡ್ಲು ಹಾಕುತ್ತಾನೆ. ಮನೆತನದ ರೂಢಿಯಂತೆ ಮೂರು, ಐದು, ಏಳು ಅಥವಾ ಒಂಬತ್ತು ದಿನ ಹುಡುಗಿ ಅದರಲ್ಲಿ ಬೇರೆ ತಟ್ಟೆ, ಬೇರೆ ಚಾಪೆಯಲ್ಲಿ ಇರುತ್ತಾಳೆ. ಸಂಜೆ ಮುತ್ತೈದೆಯರು ಕೂರಿಸಿ ಆರತಿ ಎತ್ತುತ್ತಾರೆ, ಸೋಬಾನೆ ಹೇಳುತ್ತಾರೆ. ಕೊನೆಯ ದಿನ ಎಣ್ಣೆನೀರು, ಹೊಸ ಸೀರೆ, ಮಡಿಲಕ್ಕಿ. ಗುಡ್ಲನ್ನು ಕಿತ್ತು ಸುಡುತ್ತಾರೆ ಇಲ್ಲವೇ ಊರಾಚೆ ಹಾಕುತ್ತಾರೆ.

ತಿನ್ನಲು ಚಿಗಳಿ ಕೊಡುತ್ತಾರೆ. ಒಂದು ಲೋಟ ಕರಿ ಎಳ್ಳಿಗೆ ಮುಕ್ಕಾಲು ಲೋಟ ಬೆಲ್ಲದ ಪುಡಿ, ಒಂದೆರಡು ಏಲಕ್ಕಿ. ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಮಾತ್ರ ಹುರಿಯಬೇಕು. ಅದು ಮುಗಿದ ಮೇಲೂ ಬಿಟ್ಟರೆ ಕಹಿ. ಒರಳಲ್ಲಿ ಕುಟ್ಟಿದರೆ ಉಂಡೆ ತಾನಾಗಿ ಹಿಡಿಯುತ್ತದೆ. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಈಗ ಪದದ ತಪ್ಪುಗಳು. ‘ಋತುಶಾಂತಿ’ ಎಂದು ಇದನ್ನು ಕರೆಯುವುದು ಸಲ್ಲ. ಮೈನೆರೆಯುವ ಮೊದಲೇ ಮದುವೆ ಮಾಡುತ್ತಿದ್ದ ಮನೆಗಳಲ್ಲಿ, ಹುಡುಗಿ ದೊಡ್ಡವಳಾದ ಮೇಲೆ ಗಂಡನ ಮನೆಗೆ ಕಳಿಸುವಾಗ ಮಾಡುತ್ತಿದ್ದ ಎರಡನೆಯ ಕಾರ್ಯ ಅದು, ‘ಪ್ರಸ್ತ’ಕ್ಕೆ, ಅಂದರೆ ಗಂಡ ಹೆಂಡಿರ ಮೊದಲ ರಾತ್ರಿಯ ಶಾಸ್ತ್ರಕ್ಕೆ, ಸೇರಿದ್ದು. ಮದುವೆಯಾಗದ ಹನ್ನೆರಡರ ಹುಡುಗಿಯ ಆರತಿಗೆ ಆ ಪದ ಹಾಕಿದರೆ ಅರ್ಥ ಘೋರವಾಗುತ್ತದೆ. ಹಾಗೆಯೇ ‘ಉಪನಯನ ಅಂದರೆ ಹುಡುಗರ ಕಮಿಂಗ್ ಆಫ್ ಏಜ್’ ಎಂದು ಪ್ರವಾಸಿ ಬರಹಗಳಲ್ಲಿ ಕಾಣುತ್ತದೆ. ಧರ್ಮಸೂತ್ರಗಳು ಬ್ರಾಹ್ಮಣ ವಟುವಿಗೆ ಹೇಳುವ ವಯಸ್ಸು 8. ಅದು ವೇದಾಧ್ಯಯನಕ್ಕೆ ಪ್ರವೇಶ, ಹರೆಯಕ್ಕಲ್ಲ.

ಮೈ ದೊಡ್ಡದಾಗುವುದೂ ಸಮಾಜ ದೊಡ್ಡವರೆಂದು ಒಪ್ಪುವುದೂ ಬೇರೆ ಬೇರೆ, ಎರಡೂ ಒಂದೇ ಹೊತ್ತಿಗೆ ಬರುವುದು ಅಪರೂಪ ಎಂದು ಮಾನವಶಾಸ್ತ್ರಜ್ಞ ಆರ್ನಾಲ್ಡ್ ವಾನ್ ಹೆನೆಪ್ 1909ರಲ್ಲೇ ವಾದಿಸಿದ್ದ. ದಾಟುವ ಆಚರಣೆಗಳಲ್ಲಿ ಬೇರ್ಪಡಿಕೆ, ನಡುವಿನ ಸ್ಥಿತಿ, ಮರಳಿ ಸೇರ್ಪಡೆ ಎಂಬ ಮೂರು ಹಂತ ಗುರುತಿಸಿದವನೂ ಅವನೇ. ಗುಡ್ಲು ಹಾಕುವುದು, ಗುಡ್ಲಿನೊಳಗಿನ ದಿನಗಳು, ಆರತಿ: ನಮ್ಮ ಒಸಗೆಯಲ್ಲಿ ಮೂರೂ ಸಾಲಾಗಿ ಕಾಣುತ್ತವೆ.

ಶುಶ್ರೂಷೆ

ಹಳೇಬೇರು ಅವರೇ, ವಿವರ ಚೆನ್ನಾಗಿದೆ. ಕೈಪಿಡಿಯಲ್ಲಿ ಗುಡ್ಲನ್ನು ಬರೀ ಸುಂದರ ಸಂಪ್ರದಾಯವಾಗಿ ಬಿಡಬಾರದು ಎಂಬುದು ನನ್ನ ಕೋರಿಕೆ. ಚಳಿಯಲ್ಲಿ, ಮಳೆಯಲ್ಲಿ, ಶೌಚಾಲಯ ದೂರವಿರುವ ಕಡೆ ಹುಡುಗಿಯನ್ನು ಹೊರಗಿಡುವುದು ಅಪಾಯ. ಹಾವು ಚೇಳಿನ ಭಯ ಒಂದು, ತೊಳೆದ ಬಟ್ಟೆಯನ್ನು ಬಿಸಿಲಿಗೆ ಹಾಕಲಾಗದೆ ಒದ್ದೆಯದನ್ನೇ ಬಳಸಿ ಸೋಂಕಾಗುವುದು ಇನ್ನೊಂದು, ಶಾಲೆ ತಪ್ಪುವುದು ಮೂರನೆಯದು. ಮುಟ್ಟಾದವರನ್ನು ಬಲವಂತವಾಗಿ ಪ್ರತ್ಯೇಕವಾಗಿಡುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆ ನಿಷೇಧಿಸಿದೆ. ಆರತಿ, ಚಿಗಳಿ, ಹೊಸ ಸೀರೆ ಇವನ್ನೆಲ್ಲ ಮನೆಯೊಳಗೇ ಮಾಡಬಹುದು, ಬಹಳ ಮನೆಗಳಲ್ಲಿ ಹಾಗೆಯೇ ಮಾಡುತ್ತಾರೆ.

ಮೈಯ ಲೆಕ್ಕವನ್ನೂ ಸರಿಯಾಗಿ ಬರೆಯೋಣ. ಹೆಣ್ಣುಮಕ್ಕಳಲ್ಲಿ ಬದಲಾವಣೆ ಶುರುವಾಗುವುದು ಸಾಮಾನ್ಯವಾಗಿ 8ರಿಂದ 13ರ ನಡುವೆ, ಗಂಡುಮಕ್ಕಳಲ್ಲಿ 9ರಿಂದ 14ರ ನಡುವೆ. ಮೊದಲ ಮುಟ್ಟು ಅದರ ಆರಂಭವಲ್ಲ. ಎದೆ ಬೆಳೆಯತೊಡಗಿ ಸುಮಾರು ಎರಡು ಎರಡೂವರೆ ವರ್ಷದ ಮೇಲೆ ಬರುವ ಘಟ್ಟ. ಅಂದರೆ ‘ಇವತ್ತು ದೊಡ್ಡವಳಾದಳು’ ಎಂದು ಮನೆ ಸಂಭ್ರಮಿಸುವ ಹೊತ್ತಿಗೆ ಮೈ ಅರ್ಧಕ್ಕಿಂತ ಹೆಚ್ಚು ದಾರಿ ಸವೆಸಿರುತ್ತದೆ, ಮೂಳೆ ಮತ್ತು ಸೊಂಟದ ಬೆಳವಣಿಗೆ ಮಾತ್ರ ಇನ್ನೂ ಬಾಕಿ ಇರುತ್ತದೆ. ಹುಡುಗಿಗೆ 8ಕ್ಕೆ ಮೊದಲು, ಹುಡುಗನಿಗೆ 9ಕ್ಕೆ ಮೊದಲು ಚಿಹ್ನೆ ಕಂಡರೆ, ಅಥವಾ 15 ತುಂಬಿದರೂ ಹುಡುಗಿ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಬೇಕು. ಮೊದಲ ಒಂದೆರಡು ವರ್ಷ ತಿಂಗಳ ಲೆಕ್ಕ ಏರುಪೇರಾಗುವುದು ಸಹಜ. ತಲೆಸುತ್ತು ಬರುವಷ್ಟು ರಕ್ತ ಹೋದರೆ ಅಥವಾ ಏಳು ದಿನ ದಾಟಿದರೆ ಸಹಜವಲ್ಲ.

‘ದೊಡ್ಡವಳಾದಳು’ ಎಂಬ ಮಾತಿನ ಮೋಸ ಇರುವುದು ಇಲ್ಲಿಯೇ. ಹನ್ನೆರಡರ ಮಗು ಆ ಒಂದು ದಿನದಿಂದ ದೊಡ್ಡವಳಾಗುವುದಿಲ್ಲ.

ಕಟ್ಟೆ ವಕೀಲ

ಕಾನೂನಿನ ಚರಿತ್ರೆಯೆಲ್ಲ ಈ ಮೋಸದ ಜೊತೆ ನಡೆದ ಜಗಳ. ಕಲ್ಕತ್ತೆಯಲ್ಲಿ 1890ರಲ್ಲಿ ಹತ್ತು ಹನ್ನೊಂದರ ಬಾಲವಧು ಫೂಲ್‌ಮಣಿ ದಾಸಿ ಗಂಡನ ಬಲಾತ್ಕಾರದಿಂದ ಸತ್ತಳು. ಮರುವರ್ಷ ದೈಹಿಕ ಸಂಬಂಧಕ್ಕೆ ಹೆಣ್ಣಿನ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದರು. ಅದನ್ನು ವಿರೋಧಿಸಿದವರ ಮುಖ್ಯ ವಾದ, ಹೆಣ್ಣು ಮೈನೆರೆದರೆ ಮುಗಿಯಿತು, ವರ್ಷ ಎಣಿಸುವುದೇಕೆ ಎಂಬುದು. ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಕಾಯ್ದೆ ಮಾಡಿತು: 8 ತುಂಬದ ಹುಡುಗಿಯ ಮದುವೆ ಅಪರಾಧ, 50 ದಾಟಿದ ಗಂಡಸು 14 ತುಂಬದವಳನ್ನು ಮದುವೆಯಾಗುವುದೂ ಅಪರಾಧ. ಇಂದು ಓದಿದರೆ ಎದೆ ಝಲ್ಲೆನ್ನುವ ಸಂಖ್ಯೆಗಳು, ಆದರೆ ಮೈಯ ಬದಲು ವರ್ಷವನ್ನು ಅಳತೆಗೋಲು ಮಾಡಿದ ಹೆಜ್ಜೆ ಅದು. 1929ರ ಶಾರದಾ ಕಾಯ್ದೆ ಮದುವೆಯ ವಯಸ್ಸನ್ನು ಹೆಣ್ಣಿಗೆ 14, ಗಂಡಿಗೆ 18 ಮಾಡಿತು. 1978ರಲ್ಲಿ 18 ಮತ್ತು 21 ಆಯಿತು. 2006ರ ಕೇಂದ್ರ ಕಾಯ್ದೆಯಲ್ಲಿ ಬಾಲ್ಯವಿವಾಹವನ್ನು ಮಗು ಪ್ರಾಪ್ತ ವಯಸ್ಸಿಗೆ ಬಂದ ಎರಡು ವರ್ಷದೊಳಗೆ ರದ್ದು ಕೋರಬಹುದು ಎಂದಷ್ಟೇ ಇತ್ತು. ಕರ್ನಾಟಕ ತಿದ್ದುಪಡಿ ತಂದು ಅಂಥ ಮದುವೆ ಮೊದಲಿಂದಲೇ ಶೂನ್ಯ ಎಂದಿತು.

ಆದ್ದರಿಂದ ಕೈಪಿಡಿಯ ಒಂದೇ ಪುಟದಲ್ಲಿ ‘ದೊಡ್ಡವಳಾದಳು’ ಎಂಬುದನ್ನೂ ‘ಪ್ರಾಪ್ತ ವಯಸ್ಸಿಗೆ ಬಂದಳು’ ಎಂಬುದನ್ನೂ ಪರ್ಯಾಯವಾಗಿ ಬಳಸಬೇಡಿ. ನಡುವೆ ಐದಾರು ವರ್ಷಗಳಿವೆ, ಆ ವರ್ಷಗಳಲ್ಲಿ ಅವಳು ಕಾನೂನಿನ ಕಣ್ಣಿಗೆ ಮಗು.

ಕಡಲತಡಿ

ಜಪಾನಿನದ್ದು ಯಾರೂ ಮುಟ್ಟಲಿಲ್ಲ. ಅದರ ಹೆಸರು ‘ಸೇಜಿನ್ ನೊ ಹಿ’, ಮಾತಿಗೆ ಮಾತು ಹಿಡಿದರೆ ಪ್ರಾಪ್ತ ವಯಸ್ಕರ ದಿನ. 1948ರ ರಜಾ ಕಾನೂನಿನಿಂದ ಬಂದದ್ದು. ಮೊದಲು ಜನವರಿ 15ರಂದು ಇತ್ತು, 2000ದಿಂದ ಜನವರಿಯ ಎರಡನೆಯ ಸೋಮವಾರ. ಊರಿನ ಪೌರಾಡಳಿತ ಕರೆಯುತ್ತದೆ, ಭಾಷಣ ಇರುತ್ತದೆ, ಹುಡುಗಿಯರು ಉದ್ದ ತೋಳಿನ ಕಿಮೋನೊ ಉಡುತ್ತಾರೆ. ಮುಟ್ಟಿಗೂ ಇದಕ್ಕೂ ಸಂಬಂಧವಿಲ್ಲ, ಗಂಡು ಹೆಣ್ಣು ಇಬ್ಬರಿಗೂ ಒಂದೇ ಸಮಾರಂಭ. ಹಾಗಾಗಿ ‘ಪ್ರಾಯಕ್ಕೆ ಬಂದ ಶಾಸ್ತ್ರ’ ಎಂದರೆ ಪೂರ್ತಿ ತಪ್ಪು.

ಒಂದು ತಿರುವು ಇದೆ. 2022ರ ಏಪ್ರಿಲ್ 1ರಿಂದ ಅಲ್ಲಿ ಪ್ರಾಪ್ತ ವಯಸ್ಸು 20ರಿಂದ 18ಕ್ಕೆ ಇಳಿಯಿತು, ಆದರೆ ಮದ್ಯ, ತಂಬಾಕಿಗೆ 20ನ್ನೇ ಉಳಿಸಿಕೊಂಡರು. ಹದಿನೆಂಟರವರಿಗೆ ಜನವರಿ ಎಂದರೆ ಪ್ರವೇಶ ಪರೀಕ್ಷೆಯ ಹೊತ್ತು. ಹಾಗಾಗಿ ಬಹಳಷ್ಟು ಊರುಗಳು 20ರವರಿಗೇ ಸಮಾರಂಭ ಮುಂದುವರಿಸಿ ಹೆಸರು ಮಾತ್ರ ‘ಇಪ್ಪತ್ತರ ಕೂಟ’ ಎಂಬಂತೆ ಬದಲಿಸಿವೆ. ಚಿತ್ರ 2022ಕ್ಕೆ ಹಿಂದಿನದೋ ಮುಂದಿನದೋ ನೋಡಿಕೊಂಡು ವಯಸ್ಸು ಹಾಕಿ.

ನುಡಿಗಂಟು

ಕ್ರಿಕೆಟ್ಟಿನ ವಾಕ್ಯಕ್ಕೆ ಬರುತ್ತೇನೆ ಎಂದಿದ್ದೆ. ಭಾರತ 1932ರಿಂದ ಟೆಸ್ಟ್ ಆಡುತ್ತಿತ್ತು. 1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ವೆಸ್ಟ್ ಇಂಡೀಸನ್ನು 43 ರನ್ನುಗಳಿಂದ ಸೋಲಿಸಿತು. ಐವತ್ತು ವರ್ಷ ಆಡಿದ ತಂಡವನ್ನು ‘ಪ್ರಾಯಕ್ಕೆ ಬಂತು’ ಎಂದರೆ ಕನ್ನಡದಲ್ಲಿ ಅಸಂಬದ್ಧ. ‘ಪ್ರವರ್ಧಮಾನಕ್ಕೆ ಬಂತು’ ಸರಿಯೇ, ಆದರೆ ಅದು ನಿಧಾನದ ಏಳಿಗೆ, ಒಂದು ದಿನದ ಗೆಲುವಿನ ಹೊಡೆತ ಅದರಲ್ಲಿಲ್ಲ.

ಕನ್ನಡದಲ್ಲಿ ಬಲಿ, ಮಾಗು, ಪಳಗು ಎಂಬ ಕ್ರಿಯಾಪದಗಳಿವೆ. ಕಾಯಿ ಬಲಿಯುತ್ತದೆ, ಹಣ್ಣು ಮಾಗುತ್ತದೆ, ಕೈ ಪಳಗುತ್ತದೆ. ‘ಮಾಗಿತು’ ಎಂದರೆ ಇನ್ನು ಮುಂದೆ ಬೆಳೆಯುವುದಿಲ್ಲ ಎಂಬ ನೆರಳು ಬೀಳುತ್ತದೆ. ‘ಬಲಿತ’ ಎಂಬುದನ್ನು ಮನುಷ್ಯರಿಗೆ ಹೇಳಿದರೆ ಬೈಗುಳದ ಹತ್ತಿರ. ಇಲ್ಲಿ ‘ತನ್ನ ಕಾಲ ಮೇಲೆ ನಿಂತಿತು’ ಕೂಡ ಬೇಡ, ಅದು ದುಡಿಮೆಗೆ ಸೇರಿದ್ದು. ಕೆಲಸವನ್ನೇ ಹೇಳಿಬಿಡಿ: ‘1983ರ ಗೆಲುವಿನಿಂದ ಭಾರತದ ಕ್ರಿಕೆಟ್ ದೊಡ್ಡ ತಂಡಗಳ ಸಾಲಿಗೆ ಸೇರಿತು’. ಆ ಸರಣಿಯಲ್ಲಿ 18 ವಿಕೆಟ್ ಕಿತ್ತು ಎಲ್ಲರಿಗಿಂತ ಮುಂದಿದ್ದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ ಎಂಬುದನ್ನು ಅಡಿಯಲ್ಲಿ ಸೇರಿಸಿದರೆ ಕನ್ನಡ ಓದುಗರಿಗೆ ಖುಷಿ.

ಅನುವಾದದ ಮೇಜು

ಎಲ್ಲರಿಗೂ ಶರಣು. ಈಗಿನ ಕರಡು ಹೀಗಿದೆ.

‘ಹದಿನಾಲ್ಕರ ಹುಡುಗನೊಬ್ಬ ಒಂದು ಬೇಸಿಗೆಯಲ್ಲಿ ಬಾಲ್ಯ ದಾಟುವ ಕಥೆ.’ ‘ಜಪಾನಿನ ಪ್ರಾಪ್ತ ವಯಸ್ಕರ ದಿನ: 20 ತುಂಬಿದವರನ್ನು ಊರು ಕರೆದು ಗೌರವಿಸುವ ಸಮಾರಂಭ.’ ಚಿತ್ರ 2019ರದು, ಹಾಗಾಗಿ 20. ‘ವಾರಸುದಾರನಿಗೆ 21ನೇ ವರ್ಷಕ್ಕೆ ಆಸ್ತಿ ಸೇರಬೇಕೆಂದು ಉಯಿಲು.’ ಕಥೆ ನಡೆಯುವುದು 1930ರ ದಶಕದ ಇಂಗ್ಲೆಂಡಿನಲ್ಲಿ. ‘ಮೈನೆರೆದ ಹುಡುಗಿಗೆ ಮನೆಯವರು ಮಾಡುವ ಒಸಗೆ, ಅದರ ಸಂಭ್ರಮ ಮತ್ತು ಅದರ ಗುಡ್ಲಿನ ಒಂಟಿತನ.’ ಕ್ರಿಕೆಟ್ಟಿಗೆ ನುಡಿಗಂಟು ಅವರ ವಾಕ್ಯವನ್ನೇ ಇಟ್ಟುಕೊಂಡಿದ್ದೇನೆ.

ಮಲಪ್ರಭೆ

ನಾಲ್ಕನೇದು ಭಾಳ ಚಲೋ ಬಂದದ. ‘ಒಸಗೆ’ ನಮ್ಮ ಕಡೆ ಎಲ್ಲಾರಿಗೂ ಗೊತ್ತಿಲ್ಲ, ಆದ್ರ ಮುಂದ ‘ಮೈನೆರೆದ ಹುಡುಗಿಗೆ’ ಅಂತ ಇರೋದರಿಂದ ತಿಳೀತದ. ಹಂಗೇ ಇರಲಿ.

ಕಟ್ಟೆ ವಕೀಲ

ಮೂರನೆಯದರಲ್ಲಿ ‘21ನೇ ವರ್ಷಕ್ಕೆ’ ತೆಗೆದು ‘21 ತುಂಬಿದ ಮೇಲೆ’ ಎಂದು ಮಾಡಿ. ಈಗಿರುವಂತೆ ಓದಿದರೆ ಆಸ್ತಿ ಒಂದು ವರ್ಷ ಮೊದಲೇ ಕೈ ಸೇರುತ್ತದೆ.